ತೋಟದ ಸಾರಜನಕ ಎಲ್ಲಿಗೆ ಹೋಗುತ್ತದೆ?



ಮಳೆಗಾಲದ ಮೊದಲಿಗೆ ಅಡಿಕೆ ಮರದ ಬುಡಕ್ಕೆ ಯೂರಿಯ ಹಾಕುತ್ತೇವೆ. ಎರಡೇ ದಿನಕ್ಕೆ ಜೋರು ಮಳೆ ಹೊಡೆದು ತೋಟದಲ್ಲಿ ನೀರು ನಿಲ್ಲುತ್ತದೆ. ತಿಂಗಳಾದರೂ ಸೋಗೆಯ ಹಳದಿ ಬಣ್ಣ ಹೋಗುವುದಿಲ್ಲ. ಗೊಬ್ಬರ ಸಾಲದೆಂದು ಇನ್ನೊಂದು ಚೀಲ ತರುತ್ತೇವೆಯೇ ಹೊರತು, ಮೊದಲಿನ ಚೀಲ ಎಲ್ಲಿ ಹೋಯಿತೆಂದು ಯೋಚಿಸುವುದಿಲ್ಲ. ಈ ಪಾಠದಲ್ಲಿ ಅದನ್ನೇ ವಿಚಾರಿಸೋಣ. ಅದರ ಜಾಡು ಹಿಡಿದು ಹೊರಟರೆ ಕಳಲೆಯಿಂದ ಬಂಗಾಳ ಕೊಲ್ಲಿಯವರೆಗೆ ಹೋಗಬೇಕಾಗುತ್ತದೆ.

ಮಣ್ಣಿನಲ್ಲಿ ನಡೆಯುವ ಕೆಲಸ

ಗಾಳಿಯಲ್ಲಿ ಶೇ. 78 ಭಾಗ ಸಾರಜನಕವೇ ಇದೆ. ಆದರೆ ಗಿಡ ಅದನ್ನು ನೇರವಾಗಿ ಬಳಸಲಾರದು. ಹಾಲುವಾಣ, ಗ್ಲಿರಿಸಿಡಿಯಾ, ಅಲಸಂದೆ ಮುಂತಾದವುಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಾ ಅದನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಗೊಬ್ಬರದ ಕಾರ್ಖಾನೆ ಇದೇ ಕೆಲಸವನ್ನು ಹೆಚ್ಚಿನ ಶಾಖ, ಒತ್ತಡಗಳಿಂದ ಮಾಡುತ್ತದೆ.

ಮಣ್ಣಿಗೆ ಬಿದ್ದ ಯೂರಿಯ ಮೊದಲು ಅಮೋನಿಯಂ ಆಗುತ್ತದೆ. ಮಣ್ಣಿನ ಕಣಗಳು ಇದನ್ನು ಹಿಡಿದಿಟ್ಟುಕೊಳ್ಳುತ್ತವೆ. ಗಾಳಿಯಾಡುವ ಮಣ್ಣಿನಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಾ ಇದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟ್ ಬೇರಿಗೆ ಒಳ್ಳೆಯ ಆಹಾರ. ಆದರೆ ಮಣ್ಣು ಅದನ್ನು ಹಿಡಿದಿಡಲಾರದು. ಬೇರು ಹೀರದೆ ಉಳಿದದ್ದು ಮಳೆ ನೀರಿನೊಡನೆ ಬಾವಿ, ಹಳ್ಳಗಳನ್ನು ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ದೇಶದ ಮಾನಕ. ಮೀರಿದರೆ ಹಸುಗೂಸುಗಳಿಗೆ ಅಪಾಯ.

ನೀರು ನಿಂತ ಮಣ್ಣಿನಲ್ಲಿ ಇನ್ನೊಂದು ಗುಂಪಿನ ಬ್ಯಾಕ್ಟೀರಿಯಾ ಚುರುಕಾಗುತ್ತವೆ. ಉಸಿರಾಟಕ್ಕೆ ಗಾಳಿ ಸಿಗದೆ ಅವು ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಬಳಸಿಕೊಂಡು ಸಾರಜನಕವನ್ನು ಗಾಳಿಗೆ ಬಿಡುತ್ತವೆ. ಈ ಕೆಲಸದಲ್ಲಿ ನೈಟ್ರಸ್ ಆಕ್ಸೈಡ್ ಎಂಬ ಅನಿಲವೂ ಸ್ವಲ್ಪ ಹೊರಬೀಳುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಇದು ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚಾಗಿ ಭೂಮಿಯನ್ನು ಬಿಸಿ ಮಾಡುತ್ತದೆ.

ಕಪಿಲೆಯ ದಾರಿ

ಕಳಲೆಯ ಸುತ್ತಿನ ಬಸಿ ನೀರು ಹಳ್ಳ ಹಿಡಿದು ಕಪಿಲೆಗೆ ಸೇರುತ್ತದೆ. ಕಪಿಲೆ ವೈನಾಡಿನ ಕಾಫಿ ತೋಟಗಳ ನೀರನ್ನೂ ಹೊತ್ತು ಬೀಚನಹಳ್ಳಿ ಅಣೆಕಟ್ಟೆಯನ್ನು ದಾಟಿ, ನಂಜನಗೂಡಿನ ಮೇಲೆ ಹರಿದು, ತಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಕೊಡಗಿನ ತೋಟಗಳ ನೀರು ಅಲ್ಲಿಗೆ ಕಾವೇರಿಯ ಜೊತೆ ಬಂದಿರುತ್ತದೆ. ಮುಂದೆ ಮೆಟ್ಟೂರು, ತಂಜಾವೂರಿನ ಗದ್ದೆ ಬಯಲು, ಕಡೆಗೆ ಪೂಂಪುಹಾರ್ ಬಳಿ ಕಡಲು. ಇಲ್ಲಿಂದ ಹೊರಟ ಸಾರಜನಕವೆಲ್ಲ ಕಡಲು ಮುಟ್ಟುವುದಿಲ್ಲ. ಅಣೆಕಟ್ಟೆಗಳ ಕೆಸರು, ಗದ್ದೆಗಳು ಬಹುಪಾಲನ್ನು ತಡೆಯುತ್ತವೆ. ಆದರೆ ಕೃಷ್ಣೆ, ಗೋದಾವರಿ, ಮಹಾನದಿ, ಗಂಗೆ, ಬ್ರಹ್ಮಪುತ್ರಾ ಇವೆಲ್ಲ ಅದೇ ಕೊಲ್ಲಿಗೆ ಬೀಳುತ್ತವೆ. ಅವುಗಳ ದಡದಲ್ಲಿಯೂ ನಮ್ಮಂತೆಯೇ ಚೀಲ ಬಿಚ್ಚುವ ರೈತರಿದ್ದಾರೆ.

ಕಡಲಿನಲ್ಲಿ ಏನಾಗುತ್ತದೆ?

ಕಡಲಿನಲ್ಲಿಯೂ ಇವೇ ಬಗೆಯ ಕೆಲಸಗಾರರಿದ್ದಾರೆ. ಬೇಸಿಗೆಯಲ್ಲಿ ಮಂಗಳೂರು, ಕಾರವಾರದ ಆಚೆ ನೀರಿನ ಮೇಲೆ ಮರದ ಹೊಟ್ಟು ತೇಲಿದಂತೆ ಕಾಣುವ ಟ್ರೈಕೊಡೆಸ್ಮಿಯಂ ಎಂಬ ಜೀವಿ ಹಾಲುವಾಣದ ಗಂಟಿನಂತೆಯೇ ಗಾಳಿಯ ಸಾರಜನಕವನ್ನು ಹಿಡಿಯುತ್ತದೆ. ಅರಬ್ಬೀ ಸಮುದ್ರದ ಆಳದಲ್ಲಿ ಸುಮಾರು 150 ಮೀಟರಿನಿಂದ 1000 ಮೀಟರಿನವರೆಗೆ ಆಮ್ಲಜನಕ ತೀರ ಕಡಿಮೆ. ನೀರು ನಿಂತ ತೋಟದಲ್ಲಿ ಆಗುವುದೇ ಅಲ್ಲಿಯೂ ಆಗುತ್ತದೆ: ನೈಟ್ರೇಟ್ ಕರಗಿ ಗಾಳಿ ಸೇರುತ್ತದೆ. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಡಾ. ನಕ್ವಿ ಮತ್ತು ಸಂಗಡಿಗರು 1999ರಲ್ಲಿ ಪಶ್ಚಿಮ ಕರಾವಳಿಯ ನೀರನ್ನು ಅಳೆದಾಗ ನೈಟ್ರಸ್ ಆಕ್ಸೈಡ್ ಬಹಳ ಹೆಚ್ಚಾಗಿ ಕಂಡುಬಂತು. ಮಳೆಗಾಲದಲ್ಲಿ ಆಳದ ನೀರು ಮೇಲಕ್ಕೆ ಬರುವುದು ಸಹಜವೇ. ಆದರೆ ಹೊಲಗಳಿಂದ ಬಂದ ಸಾರಜನಕವೂ ಇದಕ್ಕೆ ಕೂಡಿರಬಹುದೆಂದು ಅವರು ಶಂಕಿಸಿದರು.

ಬಂಗಾಳ ಕೊಲ್ಲಿಯ ಸ್ಥಿತಿ ಇನ್ನೂ ನಾಜೂಕು. ಅಲ್ಲಿ ಆಳದ ನೀರಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಲೇಶಮಾತ್ರ ಉಳಿದಿದೆ. ಸಾರಜನಕವನ್ನು ಗಾಳಿಗೆ ಬಿಡುವ ಬ್ಯಾಕ್ಟೀರಿಯಾ ಅಲ್ಲಿ ಇದ್ದೂ ಕೆಲಸ ಹೂಡಿಲ್ಲ. ಆ ಲೇಶವೇ ಅವನ್ನು ತಡೆದಿದೆ ಎಂದು ಗೋವೆಯ ಇದೇ ಸಂಸ್ಥೆ ಹಾಗೂ ಡೆನ್ಮಾರ್ಕ್, ಜರ್ಮನಿಯ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದರು. ನದಿಗಳ ಸಾರಜನಕ ಹೆಚ್ಚಿದರೆ ಪಾಚಿ ಹೆಚ್ಚುತ್ತದೆ. ಅದು ಸತ್ತು ಆಳಕ್ಕಿಳಿದು ಕೊಳೆಯುವಾಗ ಉಳಿದ ಆಮ್ಲಜನಕವೂ ಖರ್ಚಾಗುತ್ತದೆ. ಪಲ್ಪಿಂಗ್ ನೀರು ಬಿದ್ದ ಹೊಳೆಯಲ್ಲಿ ಮೀನು ಸಾಯುವುದು ಇದೇ ರೀತಿಯಲ್ಲಿ. ಇದರ ಜೊತೆಗೆ ಬಿಸಿಯಾದ ನೀರು ಆಮ್ಲಜನಕವನ್ನು ಕಡಿಮೆ ಹಿಡಿಯುತ್ತದೆ. 1960ರಿಂದ 2010ರ ಒಳಗೆ ಲೋಕದ ಕಡಲುಗಳು ತಮ್ಮ ಆಮ್ಲಜನಕದಲ್ಲಿ ಶೇ. 2ಕ್ಕಿಂತ ಹೆಚ್ಚು ಕಳೆದುಕೊಂಡಿವೆ. ಕೊಲ್ಲಿಯ ಆ ಲೇಶವೂ ಹೋದರೆ ಕಡಲಿನ ಫಲವತ್ತು ಕುಗ್ಗುತ್ತದೆ, ಮೀನುಗಾರನ ಬಲೆ ಬರಿದಾಗುತ್ತದೆ.

ನಮ್ಮ ಕೈಯಲ್ಲಿರುವುದು

ಯೂರಿಯದಲ್ಲಿ ಶೇ. 46 ಸಾರಜನಕ. 45 ಕಿಲೋ ಚೀಲದಲ್ಲಿ 20.7 ಕಿಲೋ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕದ ಶಿಫಾರಸಿನಂತೆ ಒಂದು ಚೀಲ ಸುಮಾರು 200 ಮರಗಳಿಗೆ ಸಾಕು. ಮೂರರಲ್ಲಿ ಒಂದು ಪಾಲು ಸೋರಿತೆಂದು ಲೆಕ್ಕ ಹಾಕಿದರೆ ಸುಮಾರು 70 ಮರಗಳ ಪಾಲು ಹೊಳೆಗೆ ಹಾಕಿದಂತೆ. ಆದುದರಿಂದ:

1. ಅಡಿಕೆಗೆ ಗೊಬ್ಬರವನ್ನು ಒಂದೇ ಸಲ ಸುರಿಯದೆ ಎರಡು ಕಂತುಗಳಲ್ಲಿ ಕೊಡಬೇಕು. ಕಾಫಿಗೆ ಹೂವಿನ ಮೊದಲು, ಹೂವಿನ ನಂತರ, ಮಳೆಗಾಲದ ನಡುವಿನ ಬಿಡುವಿನಲ್ಲಿ, ಮಳೆಗಾಲ ಮುಗಿದ ಮೇಲೆ ಹೀಗೆ ಹಂಚಬೇಕು. ಮಣ್ಣು ಪರೀಕ್ಷೆ ಮಾಡಿಸಿ ಪ್ರಮಾಣ ನಿರ್ಧರಿಸುವುದು ಮೇಲು.

2. ನೀರು ನಿಂತಿರುವಾಗ, ಜೋರು ಮಳೆಯ ಸೂಚನೆಯಿರುವಾಗ ಯೂರಿಯ ಹಾಕಬಾರದು. ಹಾಕಿದ ಮೇಲೆ ಮಣ್ಣು ಮುಚ್ಚಬೇಕು.

3. ಬಸಿಗಾಲುವೆಗಳನ್ನು ಮಳೆಗೆ ಮೊದಲೇ ಬಿಡಿಸಿಡಬೇಕು. ನಾಲೆಯ ಕೆಳಗಿನ ತೋಟಗಳಲ್ಲಿ ಇದು ಗೊಬ್ಬರದಷ್ಟೇ ಮುಖ್ಯ.

4. ಅಡಿಕೆ ಮರಕ್ಕೆ ವರ್ಷಕ್ಕೆ 12 ಕಿಲೋ ಹಸಿರೆಲೆ, 12 ಕಿಲೋ ಕಾಂಪೋಸ್ಟ್ ತಪ್ಪಿಸಬಾರದು. ಇವು ಸಾರಜನಕವನ್ನು ನಿಧಾನವಾಗಿ ಬಿಡುತ್ತವೆ.

5. ಹಳ್ಳದ ಅಂಚಿನಲ್ಲಿ ಹುಲ್ಲು, ಗಿಡಗಳ ಪಟ್ಟಿಯನ್ನು ಉಳಿಸಬೇಕು. ಪಲ್ಪಿಂಗ್ ನೀರನ್ನು ಗುಂಡಿಗಳಲ್ಲಿ ಶುದ್ಧಿ ಮಾಡದೆ ಹೊಳೆಗೆ ಬಿಡಬಾರದು.

ಕೊಲ್ಲಿಯ ಮೀನುಗಾರನನ್ನು ನಾವು ಕಂಡಿಲ್ಲ, ಅವನೂ ನಮ್ಮನ್ನು ಕಂಡಿಲ್ಲ. ನಡುವೆ ಇರುವುದು ಒಂದೇ ನೀರು. ಅವನಿಗೆ ಕೇಡಾಗುವ ಸೋರಿಕೆ ನಮ್ಮ ಗಂಟಿನ ಸೋರಿಕೆಯೂ ಹೌದು. ಎರಡನೆಯ ಚೀಲ ಬಿಚ್ಚುವ ಮುನ್ನ ಬಸಿಗಾಲುವೆಯ ಕಡೆಗೊಮ್ಮೆ ಹೋಗಿ ನೋಡಿ ಬರೋಣ.