ಗಂಟಲಲ್ಲಿ ಸಿಕ್ಕಿದ್ದನ್ನು ತೆಗೆಯುವುದು ಹೇಗೆ?



ಇಂದಿನ ಓದು: ಮಜ್ಝಿಮ ನಿಕಾಯದ ಅಭಯ ರಾಜಕುಮಾರ ಸುತ್ತ



ಈ ಸುತ್ತದಲ್ಲಿ ಗಂಟಲಿಗೆ ಏನೋ ಸಿಕ್ಕಿಕೊಳ್ಳುವ ಮಾತು ಎರಡು ಸಲ ಬರುತ್ತದೆ. ಮೊದಲ ಸಲ ಅದು ವಾದದಲ್ಲಿ ಸೋಲಿಸುವ ಹಂಚಿಕೆ. ನಿಗಂಠ ನಾತಪುತ್ತರು ಅಭಯ ರಾಜಕುಮಾರನಿಗೆ ಒಂದು ಇಕ್ಕಟ್ಟಿನ ಪ್ರಶ್ನೆ ಹೇಳಿಕೊಟ್ಟು ಕಳಿಸುತ್ತಾರೆ. ಕೇಳಿದವರಿಗೆ ಹಿತವಾಗದ ಮಾತನ್ನು ತಥಾಗತರು ಆಡುತ್ತಾರೆಯೇ? ಆಡುತ್ತೇನೆ ಎಂದರೆ, ಸಾಮಾನ್ಯರಿಗೂ ನಿಮಗೂ ಏನು ಫರಕು ಎಂದು ಕೇಳಬೇಕು. ಆಡುವುದಿಲ್ಲ ಎಂದರೆ, ದೇವದತ್ತನ ಬಗ್ಗೆ ಅಷ್ಟು ಕಟುವಾಗಿ ಹೇಳಿದ್ದೇಕೆ ಎಂದು ಕೇಳಬೇಕು. ಗಂಟಲಲ್ಲಿ ಕಬ್ಬಿಣದ ಮುಳ್ಳು ಸಿಕ್ಕವನು ಉಗುಳಲಾರ, ನುಂಗಲಾರ. ಗೋತಮರ ಸ್ಥಿತಿಯೂ ಹಾಗೇ ಆಗುತ್ತದೆ ಎಂಬುದು ಲೆಕ್ಕ.

ಮರುದಿನ ಊಟವಾದ ಮೇಲೆ ಅಭಯ ಕೇಳಿದ. ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು ಎಂದರು ತಥಾಗತರು. ಆ ಹೊತ್ತಿಗೆ ಅಭಯನ ತೊಡೆಯ ಮೇಲೆ ಎಳೆಗೂಸೊಂದು ಮಲಗಿತ್ತು. ಅದನ್ನೇ ತೋರಿಸಿ ಅವರು ತಿರುಗಿ ಕೇಳಿದರು: ನಿನ್ನ ಅಥವಾ ದಾದಿಯ ಅಜಾಗರೂಕತೆಯಿಂದ ಈ ಕೂಸು ಒಂದು ಕಡ್ಡಿಯನ್ನೋ ಹರಳನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀ? ತೆಗೆಯುತ್ತೇನೆ, ಎಂದ ಅಭಯ. ಸುಲಭಕ್ಕೆ ಬಾರದಿದ್ದರೆ ಎಡಗೈಯಿಂದ ತಲೆ ಹಿಡಿದು, ಬಲಗೈ ಬೆರಳನ್ನು ಕೊಕ್ಕೆಯಂತೆ ಬಾಗಿಸಿ, ರಕ್ತ ಬಂದರೂ ತೆಗೆಯುತ್ತೇನೆ. ಕೂಸಿನ ಮೇಲೆ ನನಗೆ ಕರುಣೆಯಿದೆ, ಎಂದ.

ಕರುಣೆ ಎಂದರೆ ಮೆತ್ತಗಿರುವುದು ಎಂದುಕೊಂಡವರು ಈ ಸುತ್ತವನ್ನು ಒಮ್ಮೆ ಓದಬೇಕು. ಆದರೆ ಇಲ್ಲಿಗೇ ನಿಲ್ಲಿಸಿದರೆ ಇನ್ನೊಂದು ತಪ್ಪು ತಿಳಿವಳಿಕೆ ಹುಟ್ಟುತ್ತದೆ. ರಕ್ತ ಬಂದರೂ ಚಿಂತೆಯಿಲ್ಲ, ಜಗ್ಗಿಬಿಡುವುದೇ ಕರುಣೆ ಎಂದು. ಆ ಬಗ್ಗೆ ಒಂದು ಆಮೆಯ ವಿಷಯ ಹೇಳಬೇಕು.

ನವಲಗುಂದದ ಕಡೆ ಮಲಪ್ರಭಾ ಕಾಲುವೆ, ಹಳ್ಳ, ಕೆರೆಗಳಲ್ಲಿ ಮೀನಿಗೆ ಗಾಳ ಹಾಕುವವರಿಗೆ ಆಗಾಗ ಆಮೆ ಸಿಗುತ್ತದೆ. ನಮ್ಮ ಶಾಲೆಯ ಏಳನೇ ಇಯತ್ತೆಯ ಹುಡುಗಿಯೊಬ್ಬಳ ಮನೆಯಲ್ಲಿ ಹೀಗೆ ಸಿಕ್ಕ ಆಮೆಯನ್ನು ಹಿತ್ತಿಲ ಕಲ್ಲಿನ ದೋಣಿಯಲ್ಲಿ ಸಾಕಿದ್ದರು. "ಅಕ್ಕಾರ, ಅದು ಎರಡ ದಿನ ಆತು, ಏನೂ ತಿನ್ನವಲ್ದ್ರೀ. ಬಾಯಾಗಿಂದ ದಾರ ಹೊರಗ ಬಂದೈತ್ರೀ" ಎಂದಳು. ಗಾಳವನ್ನು ನುಂಗಿಕೊಂಡೇ ಬಂದಿತ್ತು ಅದು. ಮನೆಯಲ್ಲಿ ಅವಳ ಕಾಕಾ ನೈಲಾನ್ ದಾರವನ್ನು ಬೆರಳಿಗೆ ಸುತ್ತಿಕೊಂಡು ಜಗ್ಗಲು ತಯಾರಾಗಿದ್ದರು. ಅಜ್ಜಿ, ಎಣ್ಣೆ ಹಾಕಿದರೆ ಜಾರಿ ಹೊರಬೀಳುತ್ತದೆ ಎಂದು ಬಟ್ಟಲು ಹಿಡಿದು ನಿಂತಿದ್ದರು. ಇಬ್ಬರದೂ ಕರುಣೆಯೇ. ಇಬ್ಬರೂ ಹಾಗೆ ಮಾಡಿದ್ದರೆ ಆಮೆ ಸಾಯುತ್ತಿತ್ತು.

ಗಾಳದ ತುದಿಯಲ್ಲಿ ಹಿಂದಕ್ಕೆ ಮುಖ ಮಾಡಿದ ಒಂದು ಸಣ್ಣ ಮುಳ್ಳಿರುತ್ತದೆ. ಒಳಗೆ ಹೋಗುವಾಗ ಅದು ದಾರಿ ಬಿಡುತ್ತದೆ, ಹೊರಗೆ ಜಗ್ಗಿದಷ್ಟೂ ಮಾಂಸದಲ್ಲಿ ಕಚ್ಚುತ್ತದೆ. ಗಾಳ ಹೊಟ್ಟೆ ದಾಟಿ ಕರುಳಿಗೆ ಹೋಗಿದ್ದರೆ ಇನ್ನೂ ಕೆಟ್ಟದ್ದು: ದಾರ ಜಗ್ಗಿದರೆ, ಲಾಡಿ ಎಳೆದಾಗ ಪರಕಾರ ನೆರಿಗೆಗಟ್ಟಿಕೊಳ್ಳುವಂತೆ ಕರುಳೆಲ್ಲ ಒಂದರ ಮೇಲೊಂದು ಮುದುಡಿ, ದಾರವೇ ಅದನ್ನು ಕೊಯ್ಯುತ್ತದೆ. ಎಣ್ಣೆಯೋ ಉಪ್ಪುನೀರೋ ಹಾಲೋ ಒತ್ತಾಯದಿಂದ ಹಾಕಿದರೆ ಶ್ವಾಸನಾಳಕ್ಕೆ ಇಳಿಯುವ ಭಯ. ತಲೆಕೆಳಗೆ ಹಿಡಿದು ಅಲುಗಾಡಿಸುವುದರಿಂದಲೂ ಏನೂ ಹೊರಬರುವುದಿಲ್ಲ.

ಮಾಡಬೇಕಾದದ್ದು ಬಹಳ ಕಡಿಮೆ, ಮತ್ತು ಆ ಕಡಿಮೆಯೇ ಕಷ್ಟ. ಹೊರಗಿರುವ ದಾರವನ್ನು ಜಗ್ಗಬಾರದು, ಬಾಯಿಯ ಹತ್ತಿರ ಕತ್ತರಿಸಲೂಬಾರದು. ಒಂದು ಗೇಣು ಉಳಿಸಿ ಚಿಪ್ಪಿಗೆ ಅಂಟುಪಟ್ಟಿ ಹಚ್ಚಿಡಬೇಕು. ಆ ದಾರ ಹಿಡಿದೇ ವೈದ್ಯರು ಗಾಳ ಎಲ್ಲಿದೆ ಎಂದು ಹುಡುಕುತ್ತಾರೆ. ತಿನ್ನಲು ಏನೂ ಕೊಡಬಾರದು. ಗಾಳಿಯಾಡುವ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ ನೆರಳಿನಲ್ಲಿಡಬೇಕು. ಆಳದ ನೀರಿಗೆ ಬಿಡಬಾರದು, ಯಾಕೆಂದರೆ ಆಮೆ ಉಸಿರಾಡುವುದು ನಮ್ಮಂತೆ ಶ್ವಾಸಕೋಶದಿಂದ; ನಿತ್ರಾಣವಾದ ಆಮೆ ನೀರಿನಲ್ಲೇ ಮುಳುಗಿ ಸಾಯಬಲ್ಲದು. ಎತ್ತುವಾಗ ಚಿಪ್ಪಿನ ಹಿಂಭಾಗ ಹಿಡಿಯಿರಿ, ಕೆರೆ ಆಮೆ ಚೆನ್ನಾಗಿ ಕಚ್ಚುತ್ತದೆ. ಆಮೇಲೆ ತಾಲೂಕು ಪಶು ಆಸ್ಪತ್ರೆ, ಅಥವಾ 1962ಕ್ಕೆ ಫೋನ್. ಅಣ್ಣಿಗೇರಿಯವರಿಗೆ ಗದಗ ಹತ್ತಿರ, ಅಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ.

ನುಂಗಿದ್ದು ಗಾಳವೇ ಆಗಬೇಕೆಂದಿಲ್ಲ. ಗಡಿಯಾರದ ಗುಂಡಿ ಬ್ಯಾಟರಿ ಒಳಗೆ ಸುಡುತ್ತದೆ. ಗಾಳಕ್ಕೆ ಕಟ್ಟುವ ಸೀಸದ ಗುಂಡು ನಿಧಾನಕ್ಕೆ ಕರಗಿ ರಕ್ತಕ್ಕೆ ಸೇರುತ್ತದೆ. ನುಸಿಗುಳಿಗೆ, ಇಲಿ ಪಾಷಾಣ, ಹೊಲಕ್ಕೆ ಹೊಡೆಯುವ ಔಷಧಿ ಬಾಯಿಗೆ ಹೋಗಿದ್ದರೆ ಅದರ ಚೀಟಿ ಅಥವಾ ಡಬ್ಬಿಯನ್ನೂ ವೈದ್ಯರ ಹತ್ತಿರ ಒಯ್ಯಿರಿ. ನುಣುಪಾದ ಸಣ್ಣ ಹರಳಾದರೆ ಕೆಲವೊಮ್ಮೆ ತಾನಾಗಿಯೇ ಹೊರಬೀಳುತ್ತದೆ, ಆದರೆ ಅದನ್ನು ತೀರ್ಮಾನಿಸುವವರು ಎಕ್ಸ್‌ರೇ ನೋಡಿದವರು, ನಾವಲ್ಲ.

ಆಮೆಯ ದೇಹ ಎಲ್ಲವನ್ನೂ ನಿಧಾನವಾಗಿ ಮಾಡುತ್ತದೆ. ಒಳಗೆ ಗಾಯವಾಗಿದ್ದರೂ ಎಷ್ಟೋ ದಿನ ಸುಮ್ಮನೆ ಓಡಾಡಿಕೊಂಡಿರುತ್ತದೆ. ಸಂಯುತ್ತ ನಿಕಾಯದ ಕುಮ್ಮ ಸುತ್ತದಲ್ಲಿ ತಥಾಗತರು ಇಂಥದೇ ಒಂದು ಆಮೆಯ ಕಥೆ ಹೇಳುತ್ತಾರೆ. ಹೋಗಬೇಡ ಎಂದ ಕಡೆಗೆ ಹೋಗಿ, ದಾರ ಕಟ್ಟಿದ ಈಟಿಯಿಂದ ಚುಚ್ಚಿಸಿಕೊಂಡು ಬಂದ ಆಮೆ, ತನಗೆ ಪೆಟ್ಟೇನೂ ಆಗಿಲ್ಲ, ಒಂದು ದಾರ ಮಾತ್ರ ಬೆನ್ನ ಹಿಂದೆ ಬರುತ್ತಿದೆ ಎನ್ನುತ್ತದೆ. ಲಾಭ, ಸತ್ಕಾರ, ಹೊಗಳಿಕೆ ಆ ಈಟಿ ಎಂದು ಭಿಕ್ಖುಗಳಿಗೆ ಹೇಳಿದ ಮಾತು ಅದು. ಎರಡೂವರೆ ಸಾವಿರ ವರ್ಷಗಳ ಹಿಂದೆಯೂ ಆಮೆಯ ಸ್ವಭಾವವನ್ನು ಎಷ್ಟು ಹತ್ತಿರದಿಂದ ನೋಡಿದ್ದರಲ್ಲ ಎಂದು ನನಗೆ ಬೆರಗು.

ಆ ಹುಡುಗಿಯ ಆಮೆಯ ಗಾಳ ಗಂಟಲಲ್ಲೇ ಇತ್ತು. ವೈದ್ಯರು ಅರಿವಳಿಕೆ ಕೊಟ್ಟು, ಗಾಳವನ್ನು ಹಿಂದಕ್ಕೆ ಜಗ್ಗದೆ ಮುಂದಕ್ಕೇ ತಳ್ಳಿ, ಹೊರಬಂದ ಮುಳ್ಳನ್ನು ಇಕ್ಕಳದಿಂದ ಕತ್ತರಿಸಿ, ಆಮೇಲೆ ಉಳಿದದ್ದನ್ನು ತೆಗೆದರು. ಬಿಡಿಸಬೇಕಾದರೆ ಇನ್ನಷ್ಟು ಒಳಗೆ ತಳ್ಳಬೇಕಾಗಿ ಬಂತು! ಕಾಕಾ ಪಕ್ಕದಲ್ಲೇ ನಿಂತು ನೋಡಿದರು. ಅಂಥ ಕೆಲಸಕ್ಕೆ ಶರೀರದ ಒಳಗು ಗೊತ್ತಿರಬೇಕು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಪ್ರಜ್ಞೆ, ಶೀಲ, ಕರುಣೆ, ಮೈತ್ರಿ ಇವುಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡುವಂತಿಲ್ಲ ಎಂದು ಬಿಡಿಸಿ ಹೇಳಿದ್ದಾರೆ. ಮೈತ್ರಿ ಮನುಷ್ಯರಲ್ಲಿ ನಿಲ್ಲದೆ ಎಲ್ಲ ಜೀವಿಗಳಿಗೂ ಹಬ್ಬಬೇಕು ಎಂದೂ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಜೀವಿಗಳ ಮೇಲಿನ ದಯೆ ಮತ್ತು ಅವುಗಳ ರಕ್ಷಣೆಯ ಪ್ರತಿಜ್ಞೆ ಇರುವುದು ನಿಮಗೆಲ್ಲ ಗೊತ್ತು.

ಗಾಳ ಹೊರಬಂದ ಮೇಲೆ ಆಮೆ ಮನೆಗೆ ವಾಪಸು ಬರಲಿಲ್ಲ. ಅರಣ್ಯ ಇಲಾಖೆಯವರು ಒಯ್ದರು. ಹುಡುಗಿ ಅತ್ತಳು. ಆದರೆ ನಮ್ಮ ಕೆರೆ ಆಮೆ, ನಕ್ಷತ್ರ ಆಮೆ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಮನೆಯಲ್ಲಿ ಸಾಕುವುದು ಅಪರಾಧ. ಈಗಾಗಲೇ ಇಟ್ಟುಕೊಂಡವರು 1926ಕ್ಕೆ ತಿಳಿಸಿ ಒಪ್ಪಿಸುವುದು ಒಳ್ಳೆಯದು. ಅಂಗಡಿಯಲ್ಲಿ ಮಾರುವ, ಕಣ್ಣಿನ ಹಿಂದೆ ಕೆಂಪು ಪಟ್ಟೆಯ ವಿದೇಶಿ ಆಮೆಯನ್ನು ಸಾಕಿ ಬೇಸರವಾದಾಗ ಕೆರೆಗೆ ಬಿಡುವವರಿದ್ದಾರೆ. ಅದನ್ನೂ ಮಾಡಬೇಡಿ, ಅದು ನಮ್ಮ ಆಮೆಗಳ ಜಾಗ, ಆಹಾರ ಎರಡನ್ನೂ ಕಿತ್ತುಕೊಳ್ಳುತ್ತದೆ.

ಆಮೆಯಿದ್ದರೆ ಮನೆಗೆ ಲಕ್ಷ್ಮಿ ಬರುತ್ತಾಳೆ, ಇಪ್ಪತ್ತು ಉಗುರಿನ ಆಮೆ ನಿಧಿ ತೋರಿಸುತ್ತದೆ ಎಂಬ ಮಾತುಗಳು ಇನ್ನೂ ಓಡಾಡುತ್ತಿವೆ. ಆ ಮಾತು ನಂಬಿ ಹಣ ಸುರಿದವರಿದ್ದಾರೆ, ಜೈಲಿಗೆ ಹೋದವರಿದ್ದಾರೆ. ನಮ್ಮ ಕೆರೆ ಆಮೆಗೆ ಕಾಲಿಗೆ ಮೂರರಂತೆ ಹನ್ನೆರಡೇ ಉಗುರು. ಮಕ್ಕಳೇ ಎಣಿಸಿ ಹೇಳಿದರು.

ಮೂಢನಂಬಿಕೆಗೆ ನಾವು ಬೌದ್ಧರು ಹೊರತು ಎಂದುಕೊಳ್ಳುವಂತಿಲ್ಲ. ಥಾಯ್ಲೆಂಡ್ ಬೌದ್ಧರೇ ಹೆಚ್ಚಿರುವ ದೇಶ. ಅಲ್ಲಿನ ಚೊನ್‌ಬುರಿ ಪ್ರಾಂತ್ಯದ ಸಿ ರಾಚಾದಲ್ಲಿ ಒಂದು ಕೊಳದೊಳಗೆ ಕಡಲಾಮೆಯೊಂದಿತ್ತು. ಆಮೆಯ ಕೊಳಕ್ಕೆ ನಾಣ್ಯ ಎಸೆದರೆ ಆಯುಷ್ಯ ಹೆಚ್ಚುತ್ತದೆ ಎಂದು ಜನ ವರ್ಷಗಟ್ಟಲೆ ಎಸೆದರು, ಅದು ನುಂಗುತ್ತಾ ಹೋಯಿತು. ಭಾರಕ್ಕೆ ಹೊಟ್ಟೆಯ ಕಡೆಯ ಚಿಪ್ಪೇ ಬಿರುಕುಬಿಟ್ಟಿತು. 2017ರ ಮಾರ್ಚ್ 6ರಂದು ಚುಲಾಲಾಂಗ್‌ಕಾರ್ನ್ ವಿಶ್ವವಿದ್ಯಾಲಯದ ಪಶುವೈದ್ಯರು ಶಸ್ತ್ರಚಿಕಿತ್ಸೆ ಮಾಡಿ 915 ನಾಣ್ಯ ತೆಗೆದರು, ಸುಮಾರು 5 ಕಿಲೋ. ಜನ ಅದಕ್ಕೆ ಓಂಸಿನ್ ಎಂದು ಹೆಸರಿಟ್ಟಿದ್ದರು, ಎಂದರೆ ಹುಂಡಿ. ಎರಡು ವಾರ ಬದುಕಿ ಮಾರ್ಚ್ 21ರಂದು ಸತ್ತಿತು. ನಾಣ್ಯದ ನಿಕಲ್ ರಕ್ತಕ್ಕೆ ಸೇರಿತ್ತು, ಕರುಳು ಸಿಕ್ಕುಹಾಕಿಕೊಂಡಿತ್ತು. ಎಸೆದವರಲ್ಲಿ ಒಬ್ಬರಿಗೂ ಅದನ್ನು ಕೊಲ್ಲುವ ಮನಸ್ಸಿರಲಿಲ್ಲ. ತಮ್ಮ ಆಯುಷ್ಯಕ್ಕಾಗಿ ಎಸೆದರು, ಅಷ್ಟೇ.

ಈಗ ಸುತ್ತದ ಉಳಿದ ಭಾಗಕ್ಕೆ ಬರೋಣ. ಕೂಸಿನ ಉದಾಹರಣೆ ಹೇಳಿ ತಥಾಗತರು ಮಾತಿನ ವಿಷಯಕ್ಕೆ ಹೋಗುತ್ತಾರೆ. ಮಾತು ಸುಳ್ಳಾಗಿದ್ದರೆ, ಅಥವಾ ನಿಜವಿದ್ದೂ ಪ್ರಯೋಜನವಿಲ್ಲದಿದ್ದರೆ, ಅದು ಎಷ್ಟು ಸಿಹಿಯಾಗಿದ್ದರೂ ಆಡುವುದಿಲ್ಲ. ನಿಜವಾದ, ಹಿತಕರವಾದ, ಆದರೆ ಕಹಿಯಾದ ಮಾತಿಗೆ ಹೊತ್ತು ನೋಡುತ್ತಾರೆ. ಸಿಹಿಯಾದದ್ದಕ್ಕೂ ಹೊತ್ತು ನೋಡುತ್ತಾರೆ.

ನಮ್ಮ ಮನೆಗಳಲ್ಲಿ ಈ ಹೊತ್ತು ನೋಡುವುದು ತಪ್ಪುತ್ತಿದೆ ಎಂದು ನನ್ನ ಅನಿಸಿಕೆ. ದೀಕ್ಷೆ ತೆಗೆದುಕೊಂಡ ಮಗ ಮೊದಲ ವಾರವೇ ಅವ್ವನ ಯಲ್ಲಮ್ಮನ ಪಡ್ಡಲಗಿ ಒಯ್ದು ಕಾಲುವೆಗೆ ಎಸೆಯುತ್ತಾನೆ. ಅವ್ವ ಅನ್ನ ಬಿಡುತ್ತಾಳೆ, ಸೊಸೆ ತವರಿಗೆ ಹೋಗುತ್ತಾಳೆ, ಆಮೇಲೆ ಆ ಮನೆಯಿಂದ ಒಬ್ಬರೂ ವಂದನೆಗೆ ಬರುವುದಿಲ್ಲ. ಪ್ರತಿಜ್ಞೆಯ ಪ್ರಕಾರ ಮಗ ಹೇಳಿದ್ದು ನಿಜ. ಆದರೆ ಅರವತ್ತು ವರ್ಷ ಸವದತ್ತಿಯ ಹುಣ್ಣಿಮೆಗೆ ನಡೆದವಳಿಗೆ ಅದು ಗಂಟಲು ದಾಟಿ ಕರುಳಿಗೆ ಇಳಿದ ದಾರ. ಕುಮ್ಮ ಸುತ್ತದ ಕೊನೆಯಲ್ಲಿ ಆ ಆಮೆಗೆ, ಇನ್ನು ನೀನು ನಮ್ಮವನಲ್ಲ ಎಂದು ಹೇಳಿ ಕಳಿಸಿಬಿಡುತ್ತಾರೆ. ಅದು ಭಿಕ್ಖುಗಳಿಗೆ ಕೊಟ್ಟ ಎಚ್ಚರಿಕೆ. ಅವ್ವನಿಗೆ ಮಗ ಹೇಳುವ ಮಾತಲ್ಲ. ಅವಳ ಪಕ್ಕ ಕೂತು ಭೀಮರಾಯರ ಕಥೆ ಹೇಳಬೇಕು, ಸಂಜೆ ಮೊಮ್ಮಗಳಿಂದ ತ್ರಿಶರಣ ಹೇಳಿಸಬೇಕು. ವರ್ಷ ಹಿಡಿಯಬಹುದು, ಎರಡು ವರ್ಷ ಹಿಡಿಯಬಹುದು.

ಅದೇ ಮನೆಯಲ್ಲಿ ಹರಕೆಯ ಹೆಸರಿನಲ್ಲಿ ಹುಡುಗಿಗೆ ಮುತ್ತು ಕಟ್ಟುವ ಮಾತು ಎದ್ದರೆ? ಆಗ ಹೊತ್ತು ನೋಡುತ್ತಾ ಕೂರುವಂತಿಲ್ಲ. ಅದು ಕೂಸಿನ ಬಾಯಿಯ ಕಡ್ಡಿ. ಮನೆ ಒಡೆದರೂ, ಅವ್ವ ಅತ್ತರೂ, ಅಣ್ಣತಮ್ಮಂದಿರು ಮಾತು ಬಿಟ್ಟರೂ ಆ ದಿನವೇ ತಡೆಯಬೇಕು. ದೇವದಾಸಿ ನಿಷೇಧ ಕಾಯ್ದೆಯಿದೆ, ಮಕ್ಕಳ ಸಹಾಯವಾಣಿ 1098 ಇದೆ. ಬಾಲ್ಯವಿವಾಹಕ್ಕೂ ಇದೇ ಮಾತು. ಬೆರಳು ಹಾಕಿ ತೆಗೆಯುವುದು ಯಾವುದು, ದಾರಕ್ಕೆ ಕೈ ಹಚ್ಚದೆ ಕಾಯುವುದು ಯಾವುದು ಎಂಬುದನ್ನು ನಿಮ್ಮ ನಿಮ್ಮ ಮನೆಯ ಸಂಗತಿ ಇಟ್ಟುಕೊಂಡು ಯೋಚಿಸಿ ಬನ್ನಿ. ಭಾನುವಾರ ವಂದನೆಯ ನಂತರ ಮಾತಾಡೋಣ. ಹಿರಿಯ ತಾಯಂದಿರನ್ನೂ ಕರೆತನ್ನಿ, ಅವರ ಮಾತನ್ನೇ ಮೊದಲು ಕೇಳುವುದು.

ಜೈ ಭೀಮ್.