ಎನರ್ಜಿ ಡ್ರಿಂಕ್: ಡಬ್ಬಿಯ ಮೇಲಿನ ಮಿಲಿಗ್ರಾಂ ಓದಿ
ಎನರ್ಜಿ ಡ್ರಿಂಕ್‌ನಲ್ಲಿ ಹೃದಯಕ್ಕೆ ಮೊದಲು ತಟ್ಟುವುದು ಕೆಫೀನ್. ಮೈಗೆ ದಣಿವು ತಿಳಿಸುವ ಅಡಿನೋಸಿನ್‌ಗೆ ಅದು ಅಡ್ಡ ನಿಲ್ಲುತ್ತದೆ, ಅಡ್ರಿನಲಿನ್ ಏರಿಸುತ್ತದೆ. ನಿದ್ದೆ ಹಾರಿಹೋಗುವುದರ ಜೊತೆಗೇ ಎದೆಬಡಿತ, ರಕ್ತದೊತ್ತಡ ಎರಡೂ ಹೆಚ್ಚುತ್ತವೆ. ಸುಮಾರು ಐದು ಗಂಟೆ ಕಳೆದರೂ ಕುಡಿದದ್ದರಲ್ಲಿ ಅರ್ಧ ಮೈಯಲ್ಲೇ ಇರುತ್ತದೆ; ಎರಡನೆಯ ಡಬ್ಬಿ ಅದರ ಮೇಲೆ ಬೀಳುತ್ತದೆ.

ಪಶ್ಚಿಮ ಬೆಂಗಳೂರಿನಿಂದ ಅಮೆರಿಕಕ್ಕೆ ಹೊಸದಾಗಿ ಬಂದ ಹುಡುಗರು ಎಡವುವುದು ಅಳತೆಯಲ್ಲಿ. ಭಾರತದ ನಿಯಮದಂತೆ ಇಂಥ ಪಾನೀಯದಲ್ಲಿ ಲೀಟರಿಗೆ 300 ಮಿಲಿಗ್ರಾಂ ಮೀರಿ ಕೆಫೀನ್ ಇರುವಂತಿಲ್ಲ. ವಿಜಯನಗರದ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಸಿಗುವ 250 ಮಿಲಿಲೀಟರ್ ಬಾಟಲಿಯಲ್ಲಿ ಹೆಚ್ಚೆಂದರೆ 75. ಇಲ್ಲಿನ 473 ಮಿಲಿಲೀಟರ್ ಮಾನ್‌ಸ್ಟರ್‌ನಲ್ಲಿ 160. ಅದೇ ಗಾತ್ರದ ಕೆಲವು ಡಬ್ಬಿಗಳಲ್ಲಿ 300. ಊರಿನ ನಾಲ್ಕು ಬಾಟಲಿ ಒಂದೇ ಡಬ್ಬಿಯಲ್ಲಿ! ಆರೋಗ್ಯವಂತ ವಯಸ್ಕರಿಗೆ ಎಫ್‌ಡಿಎ ಹೇಳುವ ದಿನದ ಮಿತಿ 400, ಮನೆಯ ಫಿಲ್ಟರ್ ಕಾಫಿಯೂ ಸೇರಿ. ಬೈ-ಟೂ ಕಾಫಿಯ ಲೋಟ ನೋಡಿ ಬೆಳೆದವರು ಡಬ್ಬಿ ಎಣಿಸುವುದನ್ನು ಬಿಟ್ಟು ಮಿಲಿಗ್ರಾಂ ಕೂಡಿಸಬೇಕು. ಮಕ್ಕಳಿಗೆ ಈ ಲೆಕ್ಕವೇ ಬೇಡ, ಒಂದು ಗುಟುಕೂ ಬೇಡ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲೇ ಹಾಗೆಂದಿದೆ.

ಮಿತಿಯೊಳಗಿದ್ದರೂ ನಿಶ್ಚಿಂತೆಯಿಲ್ಲ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 18ರಿಂದ 40 ವರ್ಷದ 34 ಆರೋಗ್ಯವಂತರು ಲೀಟರಿನಷ್ಟು ಎನರ್ಜಿ ಡ್ರಿಂಕ್ ಕುಡಿದರು. ಅದರಲ್ಲಿದ್ದ ಕೆಫೀನ್ 304ರಿಂದ 320 ಮಿಲಿಗ್ರಾಂ ಮಾತ್ರ. ಆದರೂ ಇಸಿಜಿಯಲ್ಲಿ ಕ್ಯೂಟಿ ಅವಧಿ, ಅಂದರೆ ಒಂದು ಬಡಿತದ ವಿದ್ಯುತ್ ಚಟುವಟಿಕೆ ಮುಗಿದು ಹೃದಯ ಮತ್ತೆ ಸಜ್ಜಾಗುವ ಹೊತ್ತು, ನಾಲ್ಕು ಗಂಟೆಯ ನಂತರವೂ ಹಿಗ್ಗಿತ್ತು. ಜೊತೆಗಿರುವ ಬೇರೆ ಪದಾರ್ಥಗಳ ಮೇಲೂ ಅನುಮಾನವಿದೆ.

ಈ ಅವಧಿ ಹುಟ್ಟಿನಿಂದಲೇ ಉದ್ದವಾಗಿರುವವರಿಗೆ ಅಪಾಯ ದೊಡ್ಡದು, ಮತ್ತು ಅನೇಕರಿಗೆ ಅದು ಗೊತ್ತೇ ಇರುವುದಿಲ್ಲ. ಹಠಾತ್ ಹೃದಯಸ್ತಂಭನದಿಂದ ಬದುಕುಳಿದ 144 ಮಂದಿಯನ್ನು ಮೇಯೋ ಕ್ಲಿನಿಕ್ ಪರಿಶೀಲಿಸಿದಾಗ, ಏಳು ಮಂದಿ ಅದಕ್ಕೆ ಸ್ವಲ್ಪ ಮೊದಲು ಎನರ್ಜಿ ಡ್ರಿಂಕ್ ಕುಡಿದಿದ್ದರು (2024). ಅದೇ ಕಾರಣವೆಂದು ಸಾಬೀತಾಗಿಲ್ಲ. ಎಚ್ಚರಿಕೆಗೆ ಅಷ್ಟು ಸಾಕು. ನಮ್ಮ ಮನೆಗಳಲ್ಲಿ ‘ಚಿಕ್ಕ ವಯಸ್ಸಿಗೇ ಹೋಗಿಬಿಟ್ಟ, ಪಾಪ’ ಎಂದಷ್ಟೇ ಹೇಳಿ ಮುಗಿಸುವ ಸಾವುಗಳಿರುತ್ತವೆ. ಕೆಲವಕ್ಕೆ ಕಾರಣ ಈ ತೊಂದರೆಯೇ ಇರಬಹುದು. ರಾಜಾಜಿನಗರದ ಅಜ್ಜಿಗೆ ಫೋನ್ ಮಾಡಿ ಅವನ್ನು ಕೇಳಿ ತಿಳಿದು, ಇಲ್ಲಿನ ವೈದ್ಯರಿಗೆ ಹೇಳಲೇಬೇಕು. ಮಕ್ಕಳು ಆಟದ ನಡುವೆ ಎಚ್ಚರ ತಪ್ಪಿದ್ದರೆ ಅದನ್ನೂ.

ಮದ್ಯದ ಜೊತೆ ಬೆರೆಸಿ ಕುಡಿದಾಗ ಅಮಲು ತಿಳಿಯದೆ ಎರಡೂ ಮಿತಿ ಮೀರುತ್ತವೆ. ಕುಡಿದ ಮೇಲೆ ಎದೆ ನೋವು, ನಿಲ್ಲದ ಬಡಿತ, ಉಸಿರಾಟದ ಕಷ್ಟ ಅಥವಾ ತಲೆಸುತ್ತಿ ಬೀಳುವುದು ಕಂಡರೆ ಗ್ಯಾಸ್ಟ್ರಿಕ್ ಎಂದು ಕಾಯದೆ 911ಕ್ಕೆ ಕರೆ ಮಾಡಬೇಕು. ಊರಿನ 108 ಇಲ್ಲಿ ನಡೆಯದು. ಖಾಲಿ ಡಬ್ಬಿಯನ್ನು ಆಸ್ಪತ್ರೆಗೆ ಒಯ್ದರೆ ಕುಡಿದದ್ದೇನು, ಎಷ್ಟು ಎಂಬುದು ವೈದ್ಯರಿಗೆ ತಿಳಿಯುತ್ತದೆ.