ಸ್ಕೂಟರಿನಿಂದ ಬೈಕಿಗೆ: ಕೈಕಾಲುಗಳಿಗೆ ಹೊಸ ಪಾಠ

ಮಕ್ಕಳು ಪಿ.ಯು.ಸಿ. ಮುಗಿಸಿ ಪದವಿ ತರಗತಿಗೆ ಸೇರುವ ಹೊತ್ತಿಗೆ ಅನೇಕ ಮನೆಗಳಲ್ಲಿ ಒಂದು ಬೇಡಿಕೆ ಏಳುತ್ತದೆ. ‘ಸ್ಕೂಟರ್ ಓಡಿಸಿದ್ದು ಸಾಕು, ಇನ್ನು ಬೈಕ್ ಕೊಡಿಸಿ’ ಎಂಬುದೇ ಆ ಬೇಡಿಕೆ. ಹಿರಿಯರು ಬೆಲೆ ಎಷ್ಟು, ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ, ಸಾಲದ ಕಂತು ಎಷ್ಟು ಎಂದೆಲ್ಲ ವಿಚಾರಿಸುತ್ತಾರೆ. ಆದರೆ ಸವಾರನ ಕೈ, ಕಾಲು, ಕಣ್ಣು ಮತ್ತು ಮಿದುಳು ಈ ಬದಲಾವಣೆಗೆ ಸಿದ್ಧವಾಗಿವೆಯೇ ಎಂದು ಕೇಳುವವರು ಕಡಿಮೆ.

ಇದು ಕೇಳಲೇಬೇಕಾದ ಪ್ರಶ್ನೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನಗಳಲ್ಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರೇ 50 ಸಾವಿರಕ್ಕೂ ಹೆಚ್ಚು.

ಎಡಗೈಯ ಹಳೆಯ ಅಭ್ಯಾಸ

‘ಎರಡು ವರ್ಷ ಸ್ಕೂಟರ್ ಓಡಿಸಿದ್ದೇನೆ, ಬೈಕ್ ಏನು ಮಹಾ?’ ಎಂದು ನಿಮಗೆ ಅನ್ನಿಸಬಹುದು. ಅಪಾಯ ಇರುವುದು ಆ ಎರಡು ವರ್ಷದ ಅಭ್ಯಾಸದಲ್ಲೇ.

ಗೇರ್ ಇಲ್ಲದ ಸ್ಕೂಟರಿನಲ್ಲಿ ಎರಡು ಬ್ರೇಕುಗಳೂ ಕೈಯಲ್ಲಿರುತ್ತವೆ. ನಾಯಿ ಅಡ್ಡ ಬಂದರೆ ನಿಮ್ಮ ಎಡಗೈ ತಾನಾಗಿಯೇ ಹಿಂದಿನ ಬ್ರೇಕನ್ನು ಹಿಡಿಯುತ್ತದೆ. ಬೈಕಿನಲ್ಲಿ ಅದೇ ಜಾಗದಲ್ಲಿ ಇರುವುದು ಕ್ಲಚ್. ಹಿಂದಿನ ಬ್ರೇಕು ಬಲಗಾಲಿನ ಕೆಳಗಿದೆ. ಗಾಬರಿಯಲ್ಲಿ ಎಡಗೈ ಹಳೆಯ ಪಾಠದಂತೆ ಕ್ಲಚ್ಚನ್ನು ಅದುಮಿದರೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿದು ಗಾಡಿ ಸರಾಗವಾಗಿ ಮುಂದಕ್ಕೆ ಉರುಳುತ್ತದೆ. ಬಲಗಾಲು ಸುಮ್ಮನೆ ಕುಳಿತಿರುತ್ತದೆ. ಏಕೆಂದರೆ ಸ್ಕೂಟರಿನಲ್ಲಿ ಅದಕ್ಕೆ ಕೆಲಸವೇ ಇರಲಿಲ್ಲ.

ಹಳೆಯ ಬಜಾಜ್ ಚೇತಕ್ ಓಡಿಸಿದ ತಂದೆಯವರಿಗೆ ಈ ತೊಡಕು ಅಷ್ಟಾಗಿ ಬಂದಿರಲಿಕ್ಕಿಲ್ಲ. ಅದರಲ್ಲೂ ಕ್ಲಚ್ ಎಡಗೈಯಲ್ಲಿ, ಹಿಂದಿನ ಬ್ರೇಕು ಬಲಗಾಲಿನಲ್ಲಿ ಇದ್ದವು. ಆದ್ದರಿಂದ ‘ನಾನು ಒಂದೇ ದಿನದಲ್ಲಿ ಕಲಿತೆ’ ಎಂಬ ಅವರ ಮಾತು ಇಂದಿನ ಮಕ್ಕಳಿಗೆ ಅನ್ವಯಿಸುವುದಿಲ್ಲ.

ಬುದ್ಧಿಗೆ ಗೊತ್ತಿದ್ದರೆ ಸಾಲದು, ಸ್ನಾಯುಗಳಿಗೂ ಗೊತ್ತಿರಬೇಕು. ಇದಕ್ಕೆ ಇರುವ ಮದ್ದು ಅಭ್ಯಾಸವೊಂದೇ. ಖಾಲಿ ಮೈದಾನದಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗಿ, ಬಲಗೈ ಮತ್ತು ಬಲಗಾಲಿನ ಬ್ರೇಕುಗಳನ್ನು ಒಟ್ಟಿಗೆ ಹಿತವಾಗಿ ಒತ್ತಿ ನಿಲ್ಲಿಸಿ. ನಿಲ್ಲುವ ಮುನ್ನ ಮಾತ್ರ ಕ್ಲಚ್ ಹಿಡಿಯಿರಿ. ದಿನಕ್ಕೆ ಇಪ್ಪತ್ತು ಸಲ, ಎರಡು ವಾರ ಹೀಗೆ ಮಾಡಿ. ಅನಂತರ ವೇಗವನ್ನು 30ಕ್ಕೆ, 40ಕ್ಕೆ ಏರಿಸಿ. ಯೋಚಿಸದೆಯೇ ಬಲಗಾಲು ಕೆಳಗಿಳಿಯತೊಡಗಿದ ದಿನ ನೀವು ರಸ್ತೆಗೆ ಇಳಿಯಬಹುದು.

ಮುಂದಿನ ಬ್ರೇಕನ್ನು ಕಂಡು ಹೆದರುವುದೂ ತಪ್ಪು. ನಿಲ್ಲಿಸುವಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುವುದರಿಂದ ಗಾಡಿಯನ್ನು ಹೆಚ್ಚಾಗಿ ತಡೆಯುವುದು ಅದೇ. ಆದರೆ ತಿರುವಿನಲ್ಲಿ ಗಾಡಿ ವಾಲಿರುವಾಗ, ಮರಳು ಅಥವಾ ಕೆಸರಿನ ಮೇಲೆ ಅದನ್ನು ಗಬಕ್ಕನೆ ಹಿಡಿಯಬೇಡಿ. 2019ರ ಏಪ್ರಿಲ್‌ನಿಂದ 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ಬೈಕುಗಳಿಗೆ ಚಕ್ರ ಜಾಮ್ ಆಗದಂತೆ ತಡೆಯುವ ಎ.ಬಿ.ಎಸ್. ಕಡ್ಡಾಯವಾಗಿದೆ. ಅದಕ್ಕೂ ಹಳೆಯ ಗಾಡಿಯನ್ನು ಕೊಳ್ಳುವವರು ಈ ಸೌಲಭ್ಯ ಇದೆಯೇ ಎಂದು ಕೇಳಿ ತಿಳಿಯಿರಿ.

ವೇಗದ ಲೆಕ್ಕ

ಸಾಮಾನ್ಯ ಸ್ಕೂಟರಿನ ತೂಕ 105ರಿಂದ 110 ಕಿಲೋ. 150 ಸಿ.ಸಿ. ಬೈಕು ಸುಮಾರು 140ರಿಂದ 150 ಕಿಲೋ, 350 ಸಿ.ಸಿ.ಯದಾದರೆ 180 ಕಿಲೋ ದಾಟುತ್ತದೆ. ವೇಗ ಎರಡು ಪಟ್ಟಾದರೆ ಢಿಕ್ಕಿಯ ಶಕ್ತಿ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ.

ಅಪಾಯವನ್ನು ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ಹಿಡಿಯಿತೆನ್ನಿ. ಒಣ ರಸ್ತೆಯಲ್ಲಿ ಹೊಸ ಸವಾರ ಸಾಧಾರಣವಾಗಿ ಬ್ರೇಕ್ ಹಾಕಿದರೆ 40ರ ವೇಗದಲ್ಲಿ ಗಾಡಿ ನಿಲ್ಲಲು ಸುಮಾರು 23 ಮೀಟರ್ ಬೇಕು. 60ರಲ್ಲಿ 45 ಮೀಟರ್, 80ರಲ್ಲಿ 70 ಮೀಟರಿಗೂ ಹೆಚ್ಚು. ಮಳೆಯಲ್ಲಿ ಇದು ಇನ್ನೂ ಬೆಳೆಯುತ್ತದೆ. ನಮ್ಮ ಬೀದಿಗಳಲ್ಲಿ ಮಗು, ಹಸು, ಆಟೋ ಇವು ಯಾವುವೂ 70 ಮೀಟರ್ ಮೊದಲೇ ಹೇಳಿ ಅಡ್ಡ ಬರುವುದಿಲ್ಲ.

ಅಪಾಯವನ್ನು ಅಳೆದು ಆತುರವನ್ನು ತಡೆಯುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಗೆಳೆಯರು ಜೊತೆಗಿದ್ದಾಗ ಹುಮ್ಮಸ್ಸು ಇನ್ನೂ ಏರುತ್ತದೆ. ಆದ್ದರಿಂದ ಮೊದಲ ಒಂದೆರಡು ತಿಂಗಳು ಹಿಂದೆ ಯಾರನ್ನೂ ಕೂರಿಸಿಕೊಳ್ಳಬೇಡಿ. ರಾತ್ರಿ ಸವಾರಿ ಮತ್ತು ಹೆದ್ದಾರಿ ಪ್ರಯಾಣ ಆಮೇಲೆ ಇರಲಿ.

ಮೈಗೆ ಹೊಂದುವ ಗಾಡಿ

ಸೀಟಿನ ಮೇಲೆ ಕುಳಿತಾಗ ಎರಡೂ ಪಾದಗಳು ನೆಲವನ್ನು ಗಟ್ಟಿಯಾಗಿ ಮುಟ್ಟಬೇಕು. ತುದಿಬೆರಳು ಮಾತ್ರ ತಾಗಿದರೆ ಸಿಗ್ನಲ್ಲಿನಲ್ಲಿ ನಿಂತಾಗ ಗಾಡಿ ವಾಲಿ ಕಾಲಿನ ಮೇಲೆ ಬೀಳಬಹುದು. ಹ್ಯಾಂಡಲ್ ಹಿಡಿದಾಗ ಮೊಣಕೈ ತುಸು ಬಾಗಿರಬೇಕು. ತೀರ ಮುಂದಕ್ಕೆ ಬಗ್ಗಿ ಓಡಿಸುವ ಗಾಡಿಗಳಲ್ಲಿ ಮೈಭಾರ ಅಂಗೈಗಳ ಮೇಲೆ ಬಿದ್ದು ಬೆರಳು ಜೋಮು ಹಿಡಿಯುವುದು, ಕತ್ತು ಮತ್ತು ಸೊಂಟ ನೋಯುವುದು ಉಂಟು. ಮೊಣಕಾಲುಗಳಿಂದ ಪೆಟ್ರೋಲ್ ಟ್ಯಾಂಕನ್ನು ಹಿತವಾಗಿ ಒತ್ತಿ ಹಿಡಿದರೆ ಕೈಗಳ ಭಾರ ಇಳಿಯುತ್ತದೆ. ದೂರ ಹೋಗುವಾಗ ಗಂಟೆಗೊಮ್ಮೆ ಇಳಿದು ಮೈ ಸಡಿಲಿಸಿ.

ಹಿಂದೆ ಕೂರುವವರ ಸೆರಗು, ದುಪಟ್ಟಾ ಚಕ್ರಕ್ಕೆ ಸಿಕ್ಕದಂತೆ ಬಿಗಿಯಾಗಿರಲಿ. ಇಳಿಯುವಾಗ ಬಿಸಿ ಸೈಲೆನ್ಸರ್ ತಗುಲಿ ಮೀನಖಂಡ ಸುಟ್ಟರೆ ಕೂಡಲೇ 20 ನಿಮಿಷ ತಣ್ಣೀರು ಹರಿಸಿ. ಟೂತ್‌ಪೇಸ್ಟ್, ಶಾಯಿ, ಅರಿಶಿನ, ಮಂಜುಗಡ್ಡೆ ಯಾವುದೂ ಬೇಡ. ಗುಳ್ಳೆಯನ್ನು ಒಡೆಯಬೇಡಿ.

ಹೆಲ್ಮೆಟ್ ಪೊಲೀಸರಿಗಾಗಿ ಅಲ್ಲ

2008ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯೊಂದು ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ, ಹೆಲ್ಮೆಟ್ ಧರಿಸುವುದರಿಂದ ಸಾವಿನ ಸಂಭವ ನೂರಕ್ಕೆ 42ರಷ್ಟು, ತಲೆಗೆ ಪೆಟ್ಟಾಗುವ ಸಂಭವ ನೂರಕ್ಕೆ 69ರಷ್ಟು ತಗ್ಗುತ್ತದೆಂದು ತೋರಿಸಿತು. ಐ.ಎಸ್. 4151 ಎಂಬ ಸಂಖ್ಯೆ ಹಾಗೂ ಐ.ಎಸ್.ಐ. ಮುದ್ರೆ ಇರುವುದನ್ನೇ ಕೊಳ್ಳಿ. ಪಟ್ಟಿ ಬಿಗಿದ ಮೇಲೆ ಹಿಂದಿನಿಂದ ಎತ್ತಿದರೆ ಹೆಲ್ಮೆಟ್ ಕಳಚಿ ಬರಬಾರದು. ಗಲ್ಲದ ಪಟ್ಟಿ ಹಾಕದ ಹೆಲ್ಮೆಟ್ ಬೀಳುವ ಮುನ್ನವೇ ಹಾರಿಹೋಗುತ್ತದೆ. ಒಮ್ಮೆ ಜೋರಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ. ಒಳಗಿನ ಥರ್ಮೊಕೋಲಿನಂಥ ಪದರ ಕುಗ್ಗಿ ತನ್ನ ಕೆಲಸ ಮುಗಿಸಿರುತ್ತದೆ. ಹಿಂಬದಿ ಸವಾರರಿಗೂ ಹೆಲ್ಮೆಟ್ ಬೇಕೇ ಬೇಕು.

ಶೀತಕ್ಕೆ, ಅಲರ್ಜಿಗೆ ತೆಗೆದುಕೊಳ್ಳುವ ಸೆಟಿರಿಜಿನ್, ಕ್ಲೋರ್‌ಫೆನಿರಮಿನ್‌ನಂಥ ಮಾತ್ರೆಗಳು ತೂಕಡಿಕೆ ತರಬಲ್ಲವು. ಅಂಥ ದಿನ ಬಸ್ಸೇ ವಾಸಿ. ನಿದ್ದೆಗೆಟ್ಟು ಓದಿದ ಮರುದಿನಕ್ಕೂ ಇದೇ ಮಾತು. ಕುಡಿದು ಗಾಡಿ ಹತ್ತುವ ಮಾತೇ ಇಲ್ಲ. ಕನ್ನಡಕ ಬೇಕೆಂದು ವೈದ್ಯರು ಹೇಳಿದ್ದರೆ ಅದನ್ನು ಹಾಕಿಕೊಂಡೇ ಓಡಿಸಿ.

ಬಿದ್ದಾಗ ಏನು ಮಾಡಬೇಕು?

ಬಿದ್ದವರಿಗೆ ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ನೀರು ಹಾಕಬೇಡಿ. ಕುತ್ತಿಗೆಯನ್ನು ಅಲುಗಾಡಿಸಬೇಡಿ. ಉಸಿರಾಟ ಸರಿಯಾಗಿದ್ದರೆ ಹೆಲ್ಮೆಟ್ ಎಳೆಯಬೇಡಿ. ಉಸಿರಿಗೆ ಅಡ್ಡಿಯಾಗಿದ್ದರೆ ಒಬ್ಬರು ಕುತ್ತಿಗೆಯನ್ನು ಆಧರಿಸಿ ಹಿಡಿದು, ಇನ್ನೊಬ್ಬರು ಮೆಲ್ಲಗೆ ತೆಗೆಯಬೇಕು. ರಕ್ತ ಸುರಿಯುವಲ್ಲಿ ಶುಚಿಯಾದ ಬಟ್ಟೆಯಿಂದ ಒತ್ತಿಹಿಡಿದು 108ಕ್ಕೆ ಕರೆ ಮಾಡಿ.

ತಲೆಗೆ ಪೆಟ್ಟು ಬಿದ್ದವರು ಎದ್ದು ಓಡಾಡಿದ ಮಾತ್ರಕ್ಕೆ ಅಪಾಯ ಕಳೆಯಿತೆಂದು ತಿಳಿಯಬಾರದು. ತಲೆಬುರುಡೆಯ ಒಳಗೆ ರಕ್ತ ನಿಧಾನವಾಗಿ ಶೇಖರವಾಗಿ, ಕೆಲವು ಗಂಟೆಗಳ ನಂತರ ಸ್ಥಿತಿ ಹದಗೆಡಬಹುದು. ಹೆಚ್ಚುತ್ತಿರುವ ತಲೆನೋವು, ಪದೇ ಪದೇ ವಾಂತಿ, ಎಬ್ಬಿಸಿದರೂ ಏಳದ ಮಂಪರು, ತೊದಲು ಮಾತು, ಫಿಟ್ಸ್, ಕಿವಿ ಮೂಗಿನಿಂದ ರಕ್ತ ಅಥವಾ ತಿಳಿನೀರು ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಸೇರಿಸಿ. ‘ಬೈಯುತ್ತಾರೆ’ ಎಂದು ಮಕ್ಕಳು ಬಿದ್ದದ್ದನ್ನು ಮುಚ್ಚಿಡುವುದೇ ಎಷ್ಟೋ ಸಲ ಪ್ರಾಣಕ್ಕೆ ಎರವಾಗುತ್ತದೆ. ಬಿದ್ದರೆ ಮೊದಲು ಮನೆಗೆ ಹೇಳಬೇಕು, ಬೈಗುಳ ಆಮೇಲೆ ಎಂಬ ಒಪ್ಪಂದ ನಿಮ್ಮ ಮನೆಯಲ್ಲಿ ಇರಲಿ.

ತಂದೆ ತಾಯಿಯರಿಗೆ ಕಡೆಯದಾಗಿ ಒಂದು ಮಾತು. ಇಂಥ ಬೈಕಿಗೆ 18 ವರ್ಷ ತುಂಬಿರಬೇಕು. ಗೇರ್ ಇಲ್ಲದ ವಾಹನದ ಲೈಸೆನ್ಸ್ ಗೇರ್ ಬೈಕಿಗೆ ನಡೆಯುವುದಿಲ್ಲ. 2019ರ ಕಾಯ್ದೆ ತಿದ್ದುಪಡಿಯ ನಂತರ ಅಪ್ರಾಪ್ತರ ಕೈಗೆ ಗಾಡಿ ಕೊಟ್ಟ ಪಾಲಕರಿಗೂ 3 ವರ್ಷದವರೆಗೆ ಸೆರೆವಾಸ ಮತ್ತು 25 ಸಾವಿರ ರೂಪಾಯಿ ದಂಡ ಬೀಳಬಹುದು. ಬೈಕಿನ ಬೆಲೆಯ ಲೆಕ್ಕ ಹಾಕುವಾಗ ಒಳ್ಳೆಯ ಹೆಲ್ಮೆಟ್ ಎರಡನ್ನು, ಮೈದಾನದ ಅಭ್ಯಾಸಕ್ಕೆ ಎರಡು ವಾರಗಳನ್ನು ಅದರಲ್ಲೇ ಸೇರಿಸಿ.